ದಾಕ್ಷಿಣ್ಯಕ್ಕೆ ಹಾಕಿದ ಸಹಿ

2009ರ ಮೇ ತಿಂಗಳು. ತಿಪಟೂರಿನ ಒಂದು ಕಲ್ಯಾಣ ಮಂಟಪ. ಎರಡನೇ ಪಂಕ್ತಿಯಲ್ಲಿ ಊಟ ಮುಗಿಸಿ, ಎಲೆ ಅಡಿಕೆ ಹಾಕಿಕೊಂಡು, ಶಾಮಿಯಾನದ ಕೆಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದೆ. ನನ್ನ ಷಡ್ಡಕ ಇನ್ನೊಂದು ಕುರ್ಚಿ ಎಳೆದುಕೊಂಡು ಪಕ್ಕಕ್ಕೆ ಬಂದ. ಅವನ ಕೈಯಲ್ಲೊಂದು ಕವರು, ಒಳಗೆ ನಾಲ್ಕೈದು ಹಾಳೆ.

"ಅಣ್ಣ, ಒಂದು ಸಣ್ಣ ಕೆಲ್ಸ ಇತ್ತು. ಸೊಸೈಟೀಲಿ ನಾಲ್ಕು ಲಕ್ಷ ಸಾಲ ಸ್ಯಾಂಕ್ಷನ್ ಆಗಿದೆ. ಇಬ್ರು ಜಾಮೀನು ಬೇಕಂತೆ, ಅದ್ರಲ್ಲಿ ಒಬ್ರು ಸಂಬಳದೋರೇ ಆಗ್ಬೇಕಂತೆ. ಸುಮ್ನೆ ಫಾರ್ಮಾಲಿಟಿ ಅಷ್ಟೆ."

ಆಗ ನಾನು ಬ್ಯಾಂಕಿನ ನೌಕರಿಗೆ ಸೇರಿ ಇಪ್ಪತ್ತೈದು ವರ್ಷವಾಗಿತ್ತು. ಜಾಮೀನು ಅಂದರೆ ಏನು ಅಂತ ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 128ನೇ ಕಲಂ ಬಾಯಿಪಾಠ. ಸಾಲಗಾರನ ಹೊಣೆ ಎಷ್ಟೋ ಜಾಮೀನುದಾರನ ಹೊಣೆಯೂ ಅಷ್ಟೇ. ಅವನು ಕಟ್ಟದಿದ್ದರೆ ಇವನು ಕಟ್ಟಬೇಕು. ಕೌಂಟರಿಗೆ ಬಂದವರಿಗೆ ಇದನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. "ಓದಿ ಸಹಿ ಹಾಕಿ, ನಾಳೆ ನಮ್ಮ ಮೇಲೆ ಬರಬೇಡಿ" ಅನ್ನುತ್ತಿದ್ದೆ. ಷಡ್ಡಕನ ಕೊಬ್ಬರಿ ವ್ಯಾಪಾರ ಎರಡು ವರ್ಷದಿಂದ ಕುಂಟುತ್ತಿದೆ ಅನ್ನುವುದೂ ಗೊತ್ತಿತ್ತು. ಹೇಳಬೇಕಾಗಿದ್ದದ್ದು "ಬೇಡ" ಅನ್ನುವ ಎರಡಕ್ಷರ. ಬಾಯಿಯಲ್ಲಿ ತಾಂಬೂಲ ಇತ್ತು ಅನ್ನುವುದು ನೆಪ. ಅದನ್ನು ಉಗಿದು ಬಂದೆ. ಬಂದು ಅವನ ಪೆನ್ನಿನಲ್ಲೇ ಮೂರು ಕಡೆ ಸಹಿ ಹಾಕಿದೆ.

ನಮ್ಮ ಕಡೆ ಒಂದು ಗಾದೆ ಇದೆ: ದಾಕ್ಷಿಣ್ಯಕ್ಕೆ ಬಸುರಾದರೆ ಹೆರೋಕೆ ಜಾಗ ಇಲ್ಲ. ಹೆಂಗಸರ ಮೇಲೆ ಕಟ್ಟಿದ ಒರಟು ಗಾದೆ. ನಾನು ನೋಡಿದ ಮಟ್ಟಿಗೆ ಅದು ಹೆಚ್ಚು ಒಪ್ಪುವುದು ಗಂಡಸರಿಗೆ.

2011ರ ಏಪ್ರಿಲ್‌ನಿಂದ ನನ್ನ ಸಂಬಳದಲ್ಲಿ ತಿಂಗಳಿಗೆ 7,500 ರೂಪಾಯಿ ಮುರಿದುಕೊಳ್ಳತೊಡಗಿದರು. ಕೊಬ್ಬರಿ ಬೆಲೆ ಬಿದ್ದಿತ್ತು, ಷಡ್ಡಕ ಫೋನು ಎತ್ತುತ್ತಿರಲಿಲ್ಲ. ನಾನು ಮನೆಯಲ್ಲಿ ಏನೂ ಹೇಳಲಿಲ್ಲ. ಹೆಂಡತಿ ಕೈಗೆ ಕೊಡುತ್ತಿದ್ದ ಮನೆಖರ್ಚಿನ ದುಡ್ಡು ಕಡಿಮೆಯಾಗದಂತೆ ಪಿ.ಎಫ್. ಸಾಲ ಎತ್ತಿದೆ, ಎಲ್‌ಐಸಿ ಪಾಲಿಸಿಯ ಮೇಲೆ ಸಾಲ ತೆಗೆದೆ. ಹದಿನಾಲ್ಕು ತಿಂಗಳು ಹೀಗೇ ನಡೆಯಿತು. ಆಮೇಲೊಂದು ಭಾನುವಾರ ಬಟ್ಟೆ ನೆನೆಹಾಕುವಾಗ ನನ್ನ ಶರ್ಟಿನ ಜೇಬಿನಲ್ಲಿ ಪೇ ಸ್ಲಿಪ್ ಅವಳ ಕೈಗೆ ಸಿಕ್ಕಿತು.

ಅವಳು ಕೂಗಾಡಲಿಲ್ಲ. ಒದ್ದೆ ಕೈ ಸೆರಗಿಗೆ ಒರೆಸಿಕೊಂಡು ಬಂದು ಚೀಟಿಯನ್ನು ಟೇಬಲ್ಲಿನ ಮೇಲಿಟ್ಟು ಕೇಳಿದಳು: "ದುಡ್ಡು ಹೋಗ್ಲಿ ರೀ. ಹದಿನಾಲ್ಕು ತಿಂಗಳು ಒಂದೇ ಮಂಚದ ಮೇಲೆ ಮಲಗಿದ್ರಲ್ಲ, ಒಂದು ದಿನಾನಾದ್ರೂ ಬಾಯಿಬಿಟ್ಟು ಹೇಳ್ಬೇಕು ಅನ್ನಿಸ್ಲಿಲ್ವಾ?"

ನಾನು ಏನಂದೆ ಗೊತ್ತೆ? "ಉಪ್ಪಿಟ್ಟಿಗೆ ಉಪ್ಪು ಜಾಸ್ತಿಯಾಗಿದೆ" ಅಂತ ರೇಗಿ, ತಟ್ಟೆ ಕುಕ್ಕಿ ಎದ್ದು ಹೋದೆ.

ಈಗ ನಾನು ನಿವೃತ್ತ. ಬೆಳಿಗ್ಗೆ ವಾಕಿಂಗ್ ಮುಗಿಸಿ ಕಲ್ಲುಬೆಂಚಿನ ಮೇಲೆ ಕೂತಾಗ ನನ್ನ ವಯಸ್ಸಿನ ನಾಲ್ಕೈದು ಜನ ಸೇರುತ್ತೇವೆ. ಅಲ್ಲಿ ನಾನು ಅತಿ ಹೆಚ್ಚು ಸಲ ಕೇಳಿರುವ ಮಾತು "ಹೇಳೋಕಾಗ್ಲಿಲ್ಲ ಕಣ್ರೀ." ಒಬ್ಬರು ಮಗಳ ಮದುವೆಗೆ ಬೀಗರು ಕೇಳಿದ್ದಕ್ಕೆಲ್ಲ ತಲೆಯಾಡಿಸಿ ತೋಟದ ಅರ್ಧ ಮಾರಿದರು. ಇನ್ನೊಬ್ಬರು ಮಗನಿಗೆ ಬೆಂಗಳೂರಿನ ಫ್ಲಾಟಿನಲ್ಲಿ ಉಸಿರು ಕಟ್ಟುತ್ತದೆ, ಊರಿಗೆ ಹೋಗುತ್ತೇನೆ ಅಂತ ಹೇಳಲಾರದೆ ಎರಡು ವರ್ಷ ಮೊಮ್ಮಗನನ್ನು ಶಾಲೆಗೆ ಬಿಟ್ಟು ಬಂದರು. ಇವರೆಲ್ಲ ಮೂಕರೇನಲ್ಲ. ರಾಜಕೀಯ, ಕ್ರಿಕೆಟ್ಟು, ಸೈಟಿನ ರೇಟು ಅಂದರೆ ಗಂಟೆಗಟ್ಟಲೆ ಮಾತಾಡುತ್ತಾರೆ. ತಮಗೇನು ಬೇಕು, ತಮಗೇನು ಬೇಡ, ತಮಗೇನಾಗಿದೆ ಅನ್ನುವ ಮೂರು ಸಂಗತಿ ಬಂದಾಗ ಮಾತ್ರ ನಾಲಿಗೆ ಅಂಟಿಕೊಳ್ಳುತ್ತದೆ.

ಇದೇ ಗಂಡಸರು ಮನೆಯಲ್ಲಿ ಹೇಗಿರುತ್ತಾರೆ ಅಂತ ಅವರ ಹೆಂಡತಿಯರನ್ನು ಕೇಳಬೇಕು. ಮನೇಲಿ ಹುಲಿ, ಬೀದೀಲಿ ಇಲಿ ಅನ್ನುತ್ತಾರಲ್ಲ, ಅದು ಎರಡು ಬೇರೆ ಬೇರೆ ಸ್ವಭಾವ ಅಂದುಕೊಂಡಿದ್ದೆ. ಆ ಉಪ್ಪಿಟ್ಟಿನ ತಟ್ಟೆ ಕುಕ್ಕಿದ ದಿನ ಅರ್ಥವಾಗತೊಡಗಿತು, ಎರಡೂ ಒಂದೇ ಕಾಯಿಲೆ ಅಂತ. ಕಲ್ಯಾಣ ಮಂಟಪದಲ್ಲಿ ನುಂಗಿದ್ದ "ಬೇಡ" ಮೂರು ವರ್ಷ ಹೊಟ್ಟೆಯಲ್ಲಿ ಹುಳಿಯಾಗಿ, ಏನೂ ತಪ್ಪು ಮಾಡದವಳ ಮೇಲೆ ಹೋಗಿ ಬಿತ್ತು.

ಆ ವರ್ಷ ನನಗೆ ರಕ್ತದೊತ್ತಡ ಕಾಣಿಸಿಕೊಂಡಿತು. 160ಕ್ಕೆ 100. ಮಾತ್ರೆ ಬರೆದುಕೊಟ್ಟ ವೈದ್ಯರು "ನಿದ್ದೆ ಹೇಗಿದೆ, ಮನೇಲೇನಾದ್ರೂ ಚಿಂತೆ ಇದೆಯಾ" ಅಂದರು. "ಏನಿಲ್ಲ ಸಾರ್, ಎಲ್ಲ ಚೆನ್ನಾಗಿದೆ" ಅಂದೆ. ಪಕ್ಕದಲ್ಲಿದ್ದ ಹೆಂಡತಿ "ಎಲ್ಲ ಚೆನ್ನಾಗಿದ್ರೆ ಇಲ್ಲಿಗ್ಯಾಕೆ ಬರ್ತಿದ್ವಿ" ಅಂದಳು. ಅವರು ತುಮಕೂರಿನ ಒಬ್ಬ ಆಪ್ತಸಲಹೆಗಾರ್ತಿಯ ಹೆಸರು ಬರೆದುಕೊಟ್ಟರು. ನನ್ನ ಮಗಳಿಗಿಂತ ಎರಡು ಮೂರು ವರ್ಷ ದೊಡ್ಡವರಿರಬೇಕು. ಎಂಟು ಶನಿವಾರ ಅವರ ಬಳಿ ಹೋದೆ. ಮೊದಲನೇ ಶನಿವಾರ ಹುಚ್ಚಾಸ್ಪತ್ರೆಗೆ ಹೋಗುತ್ತಿದ್ದೇನೇನೋ ಅನ್ನುವಂತೆ ಮುಖ ಮರೆಸಿಕೊಂಡು ಬಸ್ಸು ಹತ್ತಿದ್ದೆ.

ಆ ಹೆಣ್ಣುಮಗಳು ಕೇಳಿದ ಮೊದಲ ಪ್ರಶ್ನೆ, "ಸಹಿ ಹಾಕೋವಾಗ ನಿಮಗೇನನ್ನಿಸ್ತು ಸಾರ್?"

"ಇವನು ಕಟ್ಟಲ್ಲ ಅನ್ನಿಸ್ತು."

"ಅದು ನಿಮ್ಮ ಲೆಕ್ಕಾಚಾರ. ಅನ್ನಿಸಿದ್ದೇನು?"

"ಬೇಜಾರಾಯ್ತು."

"ಹೆಂಡತಿ ಪೇ ಸ್ಲಿಪ್ ತಂದಿಟ್ಟಾಗ?"

"ಬೇಜಾರಾಯ್ತು."

"ಷಡ್ಡಕ ಫೋನ್ ಎತ್ತದೇ ಇದ್ದಾಗ?"

ಅದಕ್ಕೂ ಬೇಜಾರೇ. ಅವರು ನಕ್ಕುಬಿಟ್ಟರು. ಕನ್ನಡದ ಗಂಡಸರ ಹತ್ತಿರ ಇರುವುದು ಮೂರೇ ಪದ ಸಾರ್, ಅಂದರು. ಸಿಟ್ಟು, ಟೆನ್ಷನ್ನು, ಬೇಜಾರು. ಕೆಲಸವಿಲ್ಲದೆ ಕೂತರೂ ಬೇಜಾರು, ಯಾರಾದರೂ ಸತ್ತರೂ ಬೇಜಾರು, ಗೆಳೆಯ ಮೋಸ ಮಾಡಿದರೂ ಬೇಜಾರು. ಒಂದು ಹಾಳೆ ಕೊಟ್ಟು, ಬೇಜಾರು ಅನ್ನುವ ಪದ ಬಿಟ್ಟು ಬೇರೆ ಪದಗಳನ್ನು ಬರೆದುಕೊಂಡು ಬನ್ನಿ ಅಂದರು.

ಆ ವಾರ ನಾನು ನೆನಪು ಮಾಡಿಕೊಂಡದ್ದು ನನ್ನ ಅಮ್ಮನ ಮಾತುಗಳನ್ನು. ಗುಬ್ಬಿ ಪಕ್ಕದ ಹಳ್ಳಿಯವಳು, ಸಹಿ ಮಾಡಲಷ್ಟೇ ಬರುತ್ತಿತ್ತು. ಅವಳ ಬಾಯಲ್ಲಿ ಎಷ್ಟು ಪದ! ದಿಗಿಲು, ಅಳುಕು, ಕಸಿವಿಸಿ, ಮುಜುಗರ, ತಳಮಳ, ಹಳಹಳಿ, ಕೊರಗು, ಪೇಚಾಟ, ಮರುಕ, ಹೊಟ್ಟೆಕಿಚ್ಚು. "ಎದೆ ಧಸಕ್ ಅಂತು", "ಕರುಳು ಚುರುಕ್ ಅಂತು", "ಹೊಟ್ಟೇಲಿ ಕಲ್ಲು ಹಾಕ್ದಂಗಾಯ್ತು". ಭರತನ ನಾಟ್ಯಶಾಸ್ತ್ರದಲ್ಲಿ ಎಂಟು ಸ್ಥಾಯಿಭಾವ, ಮೂವತ್ತಮೂರು ವ್ಯಭಿಚಾರಿಭಾವ ಅಂತ ಪಟ್ಟಿಯಿದೆ. ಅಮ್ಮನ ಪಟ್ಟಿ ಅದಕ್ಕಿಂತ ಗಿಡ್ಡವೇನಿರಲಿಲ್ಲ. ಒಂದೇ ಮನೆ, ಒಂದೇ ಭಾಷೆ. ಅಕ್ಕನಿಗೆ ಆ ಪದಗಳೆಲ್ಲ ಬಂದವು, ನನಗೆ ಬರಲಿಲ್ಲ. ಯಾಕೆಂದರೆ ಅಮ್ಮ ಅಂಥದ್ದನ್ನೆಲ್ಲ ಮಾತಾಡುತ್ತಿದ್ದುದು ಹಿತ್ತಿಲಲ್ಲಿ, ಅಕ್ಕಿ ಆರಿಸುತ್ತ. ಅಲ್ಲಿ ಹೋಗಿ ಕೂತರೆ "ಹೆಂಗಸರ ಮಧ್ಯ ನಿಂದೇನೋ ಕೆಲ್ಸ, ಹೋಗು ಆಚೆ" ಅಂತ ಓಡಿಸುತ್ತಿದ್ದರು.

ಆಚೆ ಅಪ್ಪ ಇದ್ದ. ಅಪ್ಪನದು ಒಂದು ವಿಚಿತ್ರ. ನಮ್ಮ ತುಮಕೂರು ಜಿಲ್ಲೆ ನಾಟಕದ ಸೀಮೆ. 1884ರಲ್ಲಿ ಗುಬ್ಬಿ ಕಂಪನಿ ಹುಟ್ಟಿದ್ದು ಇಲ್ಲೇ. ಇವತ್ತಿಗೂ ಹಳ್ಳಿಗಳಲ್ಲಿ ಹಾರ್ಮೋನಿಯಂ ಮೇಷ್ಟ್ರನ್ನು ಕರೆಸಿ ತಿಂಗಳುಗಟ್ಟಲೆ ತಾಲೀಮು ಮಾಡಿ ಕುರುಕ್ಷೇತ್ರ ನಾಟಕ ಆಡುತ್ತಾರೆ. ಅಪ್ಪನದು ದುರ್ಯೋಧನನ ಪಾತ್ರ. ಕರ್ಣ ಸತ್ತ ಸುದ್ದಿ ಬಂದಾಗ ಅಪ್ಪ ವೇದಿಕೆ ಮೇಲೆ ಮಂಡಿಯೂರಿ ಅಳುತ್ತಿದ್ದ ಪರಿಗೆ ಎದುರಿಗೆ ಚಾಪೆ ಹಾಸಿಕೊಂಡು ಕೂತಿದ್ದ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಳ್ಳುತ್ತಿದ್ದರು. ಬಣ್ಣ ಕರಗಿ ಕೊರಳಿಗೆ ಇಳಿಯುತ್ತಿತ್ತು. ಅದೇ ಅಪ್ಪ, ನಮ್ಮಜ್ಜಿ ತೀರಿಕೊಂಡ ದಿನ ಒಂದು ಹನಿ ಕಣ್ಣೀರು ಹಾಕಲಿಲ್ಲ. ಸೌದೆ ಬಂತಾ, ಊರಿಂದ ಭಾವನವರು ಹೊರಟರಾ ಅಂತ ಓಡಾಡಿಕೊಂಡಿದ್ದ. ನಾನು ಬಿಕ್ಕುತ್ತಿದ್ದರೆ "ಗಂಡಸಾಗಿ ಅಳ್ತೀಯೇನೋ" ಅಂದ. ಅಳುವ ಗಂಡಸನ್ನು, ನಗುವ ಹೆಂಗಸನ್ನು ನಂಬಬಾರದು ಅನ್ನುವ ಗಾದೆಯನ್ನು ನಾನು ಮೊದಲು ಕೇಳಿದ್ದೂ ಅವನ ಬಾಯಲ್ಲೇ. ಅಳುವುದಕ್ಕೆ ಅವನಿಗೆ ಬೇರೆಯವರ ಕಿರೀಟ ಬೇಕಾಗಿತ್ತು.

ತನ್ನೊಳಗೆ ಏನಾಗುತ್ತಿದೆ ಅನ್ನುವುದಕ್ಕೆ ಪದವೇ ಸಿಗದ ಈ ಸ್ಥಿತಿಗೆ ವೈದ್ಯಕೀಯದಲ್ಲಿ ಒಂದು ಹೆಸರಿದೆ: ಅಲೆಕ್ಸಿಥೈಮಿಯಾ. 1970ರ ದಶಕದ ಮೊದಲ ವರ್ಷಗಳಲ್ಲಿ ಪೀಟರ್ ಸಿಫ್ನಿಯೋಸ್ ಎಂಬ ಮನೋವೈದ್ಯರು ಗ್ರೀಕ್ ಪದಗಳನ್ನು ಜೋಡಿಸಿ ಮಾಡಿದ ಹೆಸರು. 'ಭಾವಕ್ಕೆ ಪದವಿಲ್ಲದಿರುವುದು' ಅಂತ ಅರ್ಥ. ಅವರು ಇದನ್ನು ಗಮನಿಸಿದ್ದು ರೋಗಿಗಳ ಒಂದು ಗುಂಪಿನಲ್ಲಿ. ಇಪ್ಪತ್ತು ವರ್ಷದ ಮೇಲೆ ಅಮೆರಿಕದ ಮನಶ್ಶಾಸ್ತ್ರಜ್ಞ ರೊನಾಲ್ಡ್ ಲೆವಂಟ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಇದರ ಸೌಮ್ಯ ರೂಪ ಯಾವ ಕಾಯಿಲೆಯೂ ಇಲ್ಲದ ಸಾಧಾರಣ ಗಂಡಸರಲ್ಲೂ ಸಾಕಷ್ಟಿದೆ, ಹುಡುಗರನ್ನು ಬೆಳೆಸುವ ರೀತಿಯೇ ಅದಕ್ಕೆ ಕಾರಣ ಅಂದರು. ಎಲ್ಲ ಗಂಡಸರೂ ಹೀಗೆ ಅಂತ ಇದರ ಅರ್ಥವಲ್ಲ. ಚೆನ್ನಾಗಿ ಮಾತಾಡಬಲ್ಲ ಗಂಡಸರನ್ನೂ, ನನಗಿಂತ ಗಟ್ಟಿಯಾಗಿ ಬಾಯಿ ಹೊಲಿದುಕೊಂಡ ಹೆಂಗಸರನ್ನೂ ನೋಡಿದ್ದೇನೆ. ಹಿತ್ತಿಲಿಂದ ನನ್ನನ್ನು ಓಡಿಸಿದ್ದು ನೆನೆದರೆ ಮಾತ್ರ ಲೆವಂಟ್ ಹೇಳಿದ್ದು ಸುಳ್ಳು ಅನ್ನಿಸುವುದಿಲ್ಲ.

ಪದ ಸಿಕ್ಕರೆ ಏನು ಲಾಭ? ಕ್ಯಾಲಿಫೋರ್ನಿಯಾದ ಮ್ಯಾಥ್ಯೂ ಲೀಬರ್‌ಮನ್ ಮತ್ತು ಜೊತೆಗಾರರು 2007ರಲ್ಲಿ ಪ್ರಕಟಿಸಿದ ಒಂದು ಅಧ್ಯಯನವಿದೆ. ಸಿಟ್ಟು, ಭಯ ತುಂಬಿದ ಮುಖಗಳ ಚಿತ್ರ ತೋರಿಸಿ ಮೆದುಳನ್ನು ಸ್ಕ್ಯಾನ್ ಮಾಡಿದರು. ಆ ಭಾವಕ್ಕೆ ಸರಿಯಾದ ಹೆಸರು ಹುಡುಕಿ ಹೇಳಿದಾಗ, ಮೆದುಳಿನಲ್ಲಿ ಅಪಾಯದ ಗಂಟೆ ಬಾರಿಸುವ ಅಮಿಗ್ಡಲಾ ಎಂಬ ಭಾಗದ ಚಟುವಟಿಕೆ ತಗ್ಗಿತು. ಅಮ್ಮ ಇದನ್ನು "ಹೇಳ್ಕೊಂಡ್ರೆ ಹಗುರಾಗುತ್ತೆ" ಅನ್ನುತ್ತಿದ್ದಳು.

ಇನ್ನು ಮೌನದ ವಿಷಯ. ಜಗಳದಲ್ಲಿ ಗಂಡ ಪೇಪರ್ ಬಿಡಿಸಿಕೊಂಡು ಕೂತರೆ, ಇವನಿಗೆ ಏನೂ ಅನ್ನಿಸುತ್ತಲೇ ಇಲ್ಲ, ಕಲ್ಲು ಅಂತ ಹೆಂಡತಿಗೆ ಉರಿದುಹೋಗುತ್ತದೆ. ಸಿಯಾಟಲ್‌ನ ಜಾನ್ ಗಾಟ್ಮನ್ ಎಂಬ ಮನಶ್ಶಾಸ್ತ್ರಜ್ಞರು ಗಂಡಹೆಂಡಿರನ್ನು ಎದುರುಬದುರು ಕೂರಿಸಿ, ಎದೆಬಡಿತ ಅಳೆಯುವ ತಂತಿ ಅಂಟಿಸಿ, ಯಾವ ವಿಷಯಕ್ಕೆ ಜಗಳವಾಗುತ್ತದೋ ಅದನ್ನೇ ಮಾತಾಡಿಸಿ ವರ್ಷಗಟ್ಟಲೆ ಅಭ್ಯಾಸ ಮಾಡಿದವರು. ಮಾತು ನಿಲ್ಲಿಸಿ ಕಲ್ಲುಗೋಡೆಯಾಗಿ ಬಿಡುವವರಲ್ಲಿ ಬಹುಪಾಲು ಗಂಡಂದಿರೇ ಅಂತ ಅವರು ಕಂಡರು. ಆ ಗೋಡೆಯ ಹಿಂದೆ ಎದೆ ನಿಮಿಷಕ್ಕೆ ನೂರಕ್ಕೂ ಮೇಲೆ ಬಡಿದುಕೊಳ್ಳುತ್ತಿರುತ್ತದಂತೆ. ಅಂಥ ಹೊತ್ತಿನಲ್ಲಿ ಯಾವ ಮಾತೂ ತಲೆಗೆ ಹೋಗುವುದಿಲ್ಲ. ಕನಿಷ್ಠ ಇಪ್ಪತ್ತು ನಿಮಿಷ ಬಿಡುವು ಕೊಡಿ ಅಂತ ಅವರ ಸಲಹೆ. ನನ್ನ ವಿಷಯದಲ್ಲಿ ಇದು ಅಕ್ಷರಶಃ ನಿಜ. ಪೇಪರ್ ಹಿಡಿದು ಕೂತಿರುತ್ತಿದ್ದೆ, ಒಂದಕ್ಷರ ಓದಿರುತ್ತಿರಲಿಲ್ಲ. ಈಗ "ಸ್ವಲ್ಪ ಹೊತ್ತು ಬಿಡು, ತೋಟದ ಕಡೆ ಹೋಗಿ ಬಂದು ಮಾತಾಡ್ತೀನಿ" ಅಂತ ಹೇಳಿ ಹೋಗುತ್ತೇನೆ. ಬಂದು ಮಾತಾಡುತ್ತೇನೆ ಅನ್ನುವ ಅರ್ಧ ವಾಕ್ಯ ಸೇರಿಸುವುದಕ್ಕೆ ಒಂದು ವರ್ಷ ಹಿಡಿಯಿತು.

ಆಪ್ತಸಲಹೆಗಾರ್ತಿ ಕೊಟ್ಟ ಎರಡನೇ ಹಾಳೆಯ ತಲೆಯ ಮೇಲೆ 'ಸಮರ್ಥನಾಶೀಲತೆ' ಅಂತ ಬರೆದಿತ್ತು. "ಇದನ್ನ ಹೇಳಿ ಮುಗಿಸೋದ್ರೊಳಗೆ ಇನ್ನೊಂದು ಜಾಮೀನಿಗೆ ಸಹಿ ಹಾಕಿರ್ತೀನಿ ಮೇಡಂ" ಅಂದೆ. ಇಂಗ್ಲಿಷಿನವರು ಅಸರ್ಟಿವ್‌ನೆಸ್ ಅನ್ನುವುದಕ್ಕೆ ನಮ್ಮಲ್ಲಿ ಹಗುರವಾದ ಪದ ಇಲ್ಲದಿರುವುದು ಸುಮ್ಮನೆ ಅಲ್ಲ. ಖಡಕ್ಕು ಅಂದರೆ ಬಿರುಸಾಯಿತು. ಮುಲಾಜಿಲ್ಲದೆ ಅಂದರೆ ಒರಟಾಯಿತು. ನಿಷ್ಠುರ ಅಂದರಂತೂ ನೆಂಟಸ್ತನವೇ ಮುರಿಯಿತು. ಯಥಾರ್ಥವಾದಿ ಲೋಕವಿರೋಧಿ, ಕಂಡದ್ದು ಕಂಡ ಹಾಗೆ ಹೇಳಿದರೆ ಕೆಂಡದಂಥ ಕೋಪ ಅಂತ ಗಾದೆ ಕಟ್ಟಿದ ಜನ ನಾವು. ಕೊನೆಗೆ ನಾನು ಹೆಂಡತಿ ಬಳಸಿದ ಮಾತನ್ನೇ ಇಟ್ಟುಕೊಂಡೆ: ಬಾಯಿಬಿಟ್ಟು ಹೇಳುವುದು.

ಈ ವಿದ್ಯೆಗೆ ಎಪ್ಪತ್ತೈದು ವರ್ಷದ ಇತಿಹಾಸವಿದೆ. 1949ರಲ್ಲಿ ಆಂಡ್ರ್ಯೂ ಸಾಲ್ಟರ್ ಎಂಬ ಅಮೆರಿಕದ ಚಿಕಿತ್ಸಕ ತನ್ನ ಪುಸ್ತಕದಲ್ಲಿ, ಮುದುಡಿಕೊಂಡ ರೋಗಿಗಳಿಗೆ ಅನ್ನಿಸಿದ್ದನ್ನು ಅನ್ನಿಸಿದ ಹಾಗೆ ಹೇಳುವ, ಒಪ್ಪಿಗೆಯಿಲ್ಲದ ಮಾತಿಗೆ ತಲೆಯಾಡಿಸದಿರುವ, 'ನಾನು' ಅನ್ನುವ ಪದವನ್ನು ಬೇಕೆಂದೇ ಬಳಸುವ ಅಭ್ಯಾಸಗಳನ್ನು ಹೇಳಿಕೊಟ್ಟ. ದಕ್ಷಿಣ ಆಫ್ರಿಕಾದ ಜೋಸೆಫ್ ವೋಲ್ಪ್ ಎರಡನೇ ಮಹಾಯುದ್ಧದಲ್ಲಿ ಭಯದಿಂದ ಕುಸಿದ ಸೈನಿಕರಿಗೆ ಚಿಕಿತ್ಸೆ ಕೊಟ್ಟ ಮನೋವೈದ್ಯ. ಭಯ ಮತ್ತು ಅದಕ್ಕೆ ಎದುರಾದ ವರ್ತನೆ ಒಟ್ಟಿಗೆ ಇರಲಾರವು. ಎರಡನೆಯದನ್ನು ಚಿಕ್ಕ ಚಿಕ್ಕ ಪ್ರಮಾಣದಲ್ಲಿ ರೂಢಿಸಿದರೆ ಮೊದಲನೆಯದು ಸಡಿಲವಾಗುತ್ತದೆ ಅಂತ 1958ರಲ್ಲಿ ಬರೆದ. 1970ರಲ್ಲಿ ರಾಬರ್ಟ್ ಆಲ್ಬರ್ಟಿ, ಮೈಕಲ್ ಎಮನ್ಸ್ ಎಂಬಿಬ್ಬರು ಇದನ್ನು ಜನಸಾಮಾನ್ಯರ ಪುಸ್ತಕ ಮಾಡಿದರು. ಆ ದಶಕದಲ್ಲಿ ಅಮೆರಿಕದ ಮಹಿಳಾ ಚಳವಳಿ ಈ ತರಬೇತಿಯನ್ನು ಎತ್ತಿಕೊಂಡಿತು, ಹೆಂಗಸರಿಗಾಗಿ ನೂರಾರು ತರಗತಿಗಳಾದವು. ಗಂಡಸರಿಗೆ ಇದು ಹುಟ್ಟಿನಿಂದಲೇ ಬಂದಿದೆ ಅಂತ ಯಾರೂ ಅವರನ್ನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಸಾಲ್ಟರನ 'ನಾನು' ಕನ್ನಡಕ್ಕೆ ಬರುವಾಗ 'ನನಗೆ' ಆಗುತ್ತದೆ. ಇದು ನನ್ನ ಸ್ವಂತ ಸಂಶೋಧನೆ, ತಪ್ಪಿದ್ದರೆ ವ್ಯಾಕರಣ ಬಲ್ಲವರು ಕ್ಷಮಿಸಲಿ. ನನಗೆ ಭಯ ಆಗುತ್ತೆ, ನನಗೆ ಸಿಟ್ಟು ಬಂತು, ನನಗೆ ನಾಚಿಕೆಯಾಯಿತು. ಭಾವವನ್ನು ನಾನು ಮಾಡುವುದಿಲ್ಲ, ಅದು ನೆಂಟನ ಹಾಗೆ ನನ್ನ ಹತ್ತಿರ ಬರುತ್ತದೆ. ಬಂದವನ ಹೆಸರು ಹೇಳುವುದಕ್ಕೆ ಅವಮಾನವೇಕೆ? ಆದರೆ ಗಂಡಸಿನ ಬಾಯಲ್ಲಿ ವಾಕ್ಯ ಯಾವಾಗಲೂ 'ನೀನು' ಅಂತ ಶುರುವಾಗುತ್ತದೆ. ನೀನು ಹೀಗೆ ಮಾಡಿದೆ, ನೀನು ಯಾವಾಗಲೂ ಇಷ್ಟೆ. ಅಲ್ಲಿಗೆ ಎದುರಿನವರು ಕೋಟೆ ಬಾಗಿಲು ಹಾಕಿಕೊಂಡಾಯಿತು.

ಮೊದಲ ಪಾಠ ಕಾಫಿಯದು. ವೋಲ್ಪ್ ಹೇಳಿದ ಚಿಕ್ಕ ಪ್ರಮಾಣ ಅಂದರೆ ಇದೇ. ನನಗೆ ಸಕ್ಕರೆ ಇಲ್ಲದ ಕಾಫಿ ಬೇಕು. ಹೋಟೆಲಿನಲ್ಲಿ ಹೇಳಿದರೂ ಹತ್ತಕ್ಕೆ ನಾಲ್ಕು ಸಲ ಸಕ್ಕರೆ ಹಾಕಿದ್ದೇ ಬರುತ್ತದೆ. ಆವರೆಗೆ ಕುಡಿದು ಬರುತ್ತಿದ್ದೆ, ಹೊರಗೆ ಬಂದು ಜೊತೆಯವರ ಹತ್ತಿರ ಹೋಟೆಲನ್ನು ಬೈಯುತ್ತಿದ್ದೆ. ಈ ಸಲ ಸಪ್ಲೈಯರ್‌ನನ್ನು ಕರೆದು "ಇದಕ್ಕೆ ಸಕ್ಕರೆ ಹಾಕಿದಾರೆ, ನನಗೆ ಸಕ್ಕರೆ ಇಲ್ದೇ ಇರೋದು ಬೇಕು, ಬದಲಾಯಿಸಿ ಕೊಡಿ" ಅನ್ನಬೇಕು. ನಗುವ ಧ್ವನಿಯಲ್ಲೂ ಅಲ್ಲ, ರೇಗುವ ಧ್ವನಿಯಲ್ಲೂ ಅಲ್ಲ. ಮೊದಲ ದಿನ ಆಗಲಿಲ್ಲ, ಕುಡಿದು ಬಂದೆ. ಎರಡನೇ ದಿನ ಕರೆದೆ. ಅವನು ತಿರುಗಿ ನೋಡಿದಾಗ "ಒಂದು ಲೋಟ ನೀರು" ಅಂದೆ. ಐವತ್ತೊಂದು ವರ್ಷದ ಮನುಷ್ಯ, ಕೋಟಿಗಟ್ಟಲೆ ಕ್ಯಾಶ್ ಎಣಿಸಿದವನು, ಹದಿನೆಂಟರ ಹುಡುಗನ ಮುಂದೆ ಅಂಗೈ ಬೆವೆತು ಕೂತಿದ್ದೆ. ಮೂರನೇ ದಿನ ಹೇಳಿದೆ. ಅವನು "ಸರಿ ಸಾರ್" ಅಂತ ಲೋಟ ತೆಗೆದುಕೊಂಡು ಹೋಗಿ ಬೇರೆ ತಂದಿಟ್ಟ. ಅಷ್ಟೇ. ಅವನಿಗೆ ಅದು ನೆನಪಿರುವುದೂ ಇಲ್ಲ. ನನಗೆ ಆ ಕಾಫಿಯ ರುಚಿ ಇವತ್ತಿಗೂ ನಾಲಿಗೆ ಮೇಲಿದೆ.

ಆಮೇಲೆ ಸ್ವಲ್ಪ ದಿನ ತಲೆ ತಿರುಗಿತು. ಆಟೋದವನ ಮೇಲೆ ಹತ್ತು ರೂಪಾಯಿಗೆ ಎಗರಾಡಿದೆ. ಸಾಲಿನಲ್ಲಿ ಮುಂದೆ ನುಗ್ಗಿದ ಮುದುಕನಿಗೆ ಕಾನೂನು ಹೇಳಿದೆ. ಮಗನ ಹತ್ತಿರ "ನನಗನ್ನಿಸಿದ್ದು ಹೇಳ್ತೀನಿ, ನೀನು ದಂಡಪಿಂಡ" ಅಂದೆ. ಶನಿವಾರ ಹೆಮ್ಮೆಯಿಂದ ವರದಿ ಒಪ್ಪಿಸಿದರೆ ಮೇಡಂ ತಲೆ ಚಚ್ಚಿಕೊಂಡರು. ಅದು ಹಳೆಯ ಹುಲಿಯೇ, ಬೀದಿಗೂ ಬಂದಿದೆ ಅಷ್ಟೆ ಅಂದರು. ಗಂಡಸರು ಈ ವಿದ್ಯೆಯನ್ನು ಕಲಿಯುವಾಗ ಜಾರುವ ಜಾಗ ಇದು. ನೇರವಾಗಿ ಮಾತಾಡುವುದು ಅಂದರೆ ಒರಟಾಗಿ ಮಾತಾಡಲು ಸಿಕ್ಕ ಲೈಸೆನ್ಸು ಅಂದುಕೊಂಡು ಬಿಡುತ್ತೇವೆ. ಅವರ ಪರೀಕ್ಷೆ ಸುಲಭದ್ದು: ನಾನು ಹೇಳಿದ ಮೇಲೆ ಎದುರಿನವನಿಗೂ ತನ್ನ ಮಾತು ಹೇಳುವುದಕ್ಕೆ ಜಾಗ ಉಳಿದಿದೆಯೇ?

ಜಾಮೀನಿನ ತಾಲೀಮನ್ನೂ ಮಾಡಿಸಿದರು, ಅಪ್ಪನ ಕುರುಕ್ಷೇತ್ರದ ಹಾಗೆ. ಮೇಡಂ ಷಡ್ಡಕ, ನಾನು ನಾನೇ. 1975ರಲ್ಲಿ ಮ್ಯಾನುಯೆಲ್ ಸ್ಮಿತ್ ಎಂಬ ಮನಶ್ಶಾಸ್ತ್ರಜ್ಞರು ಬರೆದ ಪುಸ್ತಕದಲ್ಲಿ ಒಂದು ಉಪಾಯವಿದೆ, ಗೀರು ಬಿದ್ದ ಗ್ರಾಮಫೋನ್ ಪ್ಲೇಟು ಅಂತ. ಮುಳ್ಳು ಸಿಕ್ಕಿಕೊಂಡ ಕಡೆಯೇ ತಿರುಗುವ ಹಾಗೆ, ಎದುರಿನವರು ಏನೇ ಹೇಳಿದರೂ ಧ್ವನಿ ಏರಿಸದೆ ಅದೇ ವಾಕ್ಯ. ಹೊಸ ಹೊಸ ಕಾರಣ ಕೊಡಬಾರದು. ಪ್ರತಿ ಕಾರಣವೂ ಎದುರಿನವರು ಹಿಡಿದೆಳೆಯುವ ಹಗ್ಗದ ತುದಿ. ತೀರ ಆಗದಿದ್ದರೆ "ನಾಳೆ ಹೇಳ್ತೀನಿ" ಅಂತ ಒಂದು ರಾತ್ರಿ ಕೇಳು.

2016ರಲ್ಲಿ ಅಕ್ಕನ ಮಗ ಬಂದ. ಗೂಡ್ಸ್ ಗಾಡಿ ತೆಗೆದುಕೊಳ್ಳಲು ಫೈನಾನ್ಸಿನವರು ಜಾಮೀನು ಕೇಳಿದ್ದರು.

"ಇಲ್ಲಪ್ಪ, ನಾನು ಜಾಮೀನು ಹಾಕಲ್ಲ. ನಿನ್ನ ಮೇಲೆ ನಂಬಿಕೆ ಇಲ್ಲ ಅಂತಲ್ಲ. ನನಗೆ ಭಯ ಆಗುತ್ತೆ."

"ಮಾಮ, ನಾನು ನಿಮ್ಮ ಷಡ್ಡಕನ ಥರ ಅಲ್ಲ."

"ಗೊತ್ತು ಕಣಪ್ಪ. ಆದ್ರೂ ನನಗೆ ಭಯ ಆಗುತ್ತೆ. ಜಾಮೀನು ಹಾಕಲ್ಲ."

"ಅಮ್ಮ ಎಷ್ಟು ಆಸೆ ಇಟ್ಕೊಂಡು ಕಳಿಸಿದಾಳೆ..."

"ಅವಳಿಗೆ ನಾನೇ ಫೋನ್ ಮಾಡ್ತೀನಿ. ಜಾಮೀನು ಮಾತ್ರ ಹಾಕಲ್ಲ. ಮುಂಗಡಕ್ಕೆ ಇಪ್ಪತ್ತು ಸಾವಿರ ಕೈಯಿಂದ ಕೊಡ್ತೀನಿ, ಅದು ವಾಪಸ್ ಬೇಡ."

ಅವನು ಕಾಫಿ ಮುಟ್ಟದೆ ಎದ್ದು ಹೋದ. ಅಕ್ಕ ನಾಲ್ಕು ತಿಂಗಳು ಮಾತು ಬಿಟ್ಟಳು. ಗೌರಿ ಹಬ್ಬಕ್ಕೆ ಬಾಗಿನ ಕೊಡಲು ಹೋದಾಗ ಬಾಗಿಲಲ್ಲೇ ನಿಲ್ಲಿಸಿದಳು. ಈಗ ಎಲ್ಲ ಸರಿಹೋಗಿದೆ ಅಂತ ಹೇಳಿದರೆ ಸುಳ್ಳಾಗುತ್ತದೆ. ಬಾಯಿಬಿಟ್ಟು ಹೇಳಿದರೆ ಎಲ್ಲರೂ ಮೆಚ್ಚಿ ಬೆನ್ನು ತಟ್ಟುತ್ತಾರೆ ಅಂತ ಬರೆಯುವ ಪುಸ್ತಕಗಳನ್ನು ನಾನು ನಂಬುವುದಿಲ್ಲ. ಬೆಲೆ ಕಟ್ಟಬೇಕು, ಮತ್ತು ಆ ಬೆಲೆ ಎಲ್ಲರಿಗೂ ಒಂದೇ ಅಲ್ಲ. ಕಾಯಂ ನೌಕರಿಯ ನನಗೆ ಹೋಗಿದ್ದು ಒಂದು ಹಬ್ಬದ ಊಟ. ದಿನಗೂಲಿಯವನು ಮೇಸ್ತ್ರಿಗೆ, ಗುತ್ತಿಗೆ ಕೆಲಸದ ಹುಡುಗ ಸೂಪರ್‌ವೈಸರಿಗೆ 'ಆಗಲ್ಲ' ಅಂದರೆ ಮಾರನೇ ದಿನದ ಅನ್ನವೇ ಹೋಗಬಹುದು. ಅವರಿಗೆ ಹೋಗಿ ಧೈರ್ಯವಾಗಿ ಮಾತಾಡಿ ಅಂತ ಉಪದೇಶ ಮಾಡುವ ಮುಖ ನನಗಿಲ್ಲ. ಹೆಂಡತಿಯದ್ದೂ ಒಂದು ತಕರಾರಿದೆ. "ನಿಮಗೆ ಮಾತು ಬರಲ್ಲ ಅಂತ ಎಲ್ಲರೂ ಅಯ್ಯೋ ಪಾಪ ಅಂತಾರೆ. ಮೂವತ್ತು ವರ್ಷ ನಿಮ್ಮ ಮುಖ ನೋಡಿ ಒಳಗೇನಿದೆ ಅಂತ ಊಹೆ ಮಾಡ್ತಾ ಕೂತವಳು ನಾನು." ಅದಕ್ಕೆ ನನ್ನ ಹತ್ತಿರ ಉತ್ತರವಿಲ್ಲ.

ಬ್ಯಾಂಕಿನವನಾದ್ದರಿಂದ ಅಂಕಿಗಳ ಮೇಲೆ ಕಣ್ಣು ಹೋಗುತ್ತದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2022ರಲ್ಲಿ ದೇಶದಲ್ಲಿ 1,70,924 ಜನ ಆತ್ಮಹತ್ಯೆ ಮಾಡಿಕೊಂಡರು. ಅವರಲ್ಲಿ 1,22,724 ಗಂಡಸರು. ಕಾರಣಗಳ ಪಟ್ಟಿಯಲ್ಲಿ ಮೊದಲಿರುವುದು ಕೌಟುಂಬಿಕ ಸಮಸ್ಯೆ, ಆಮೇಲೆ ಕಾಯಿಲೆ. ಮಾತಾಡಿದ್ದರೆ ಇವರೆಲ್ಲ ಉಳಿಯುತ್ತಿದ್ದರು ಅಂತ ಹೇಳುವುದು ದುಡುಕು. ಸಾಲ, ಬೆಳೆ, ಕುಡಿತ, ಏನೇನಿರುತ್ತದೋ. ಆದರೆ ಈ ಸಂಖ್ಯೆ ನೋಡಿದಾಗಲೆಲ್ಲ ಆ ಹದಿನಾಲ್ಕು ತಿಂಗಳ ಕೆಲವು ರಾತ್ರಿಗಳು ನೆನಪಾಗುತ್ತವೆ. ರೈಲು ಹೋಗುವ ಸದ್ದು ನಮ್ಮ ಮನೆಗೆ ಕೇಳಿಸುತ್ತದೆ. ಇಷ್ಟು ಬರೆದರೆ ಸಾಕು.

'ಬೇಡ' ಅನ್ನುವುದಕ್ಕಿಂತ ಕಷ್ಟದ್ದು 'ಬೇಕು' ಅನ್ನುವುದು. ಅದು ನನಗೆ ಗೊತ್ತಾಗಿದ್ದು ಬಹಳ ತಡವಾಗಿ, ಎರಡು ವರ್ಷದ ಹಿಂದೆ, ಎದೆಯ ಪರೀಕ್ಷೆಗೆ ಹೊರಟ ದಿನ. ಹಳೆಯ ನಾನಾಗಿದ್ದರೆ "ಪೇಟೆಗೆ ಹೋಗಿ ಬರ್ತೀನಿ" ಅಂತ ಚಪ್ಪಲಿ ಮೆಟ್ಟುತ್ತಿದ್ದೆ. ಅವತ್ತೂ ಚಪ್ಪಲಿ ಮೆಟ್ಟಿ ಗೇಟಿನ ತನಕ ಹೋದೆ. ವಾಪಸ್ ಬಂದೆ. ಅವಳು ಸೊಪ್ಪು ಬಿಡಿಸುತ್ತ ಕೂತಿದ್ದಳು.

"ಟ್ರೆಡ್‌ಮಿಲ್ ಟೆಸ್ಟ್ ಅಂತೆ. ನನಗೆ ದಿಗಿಲಾಗ್ತಿದೆ. ನೀನೂ ಬಾ."

ದಿಗಿಲು ಅನ್ನುವ ಪದ ನನ್ನ ಬಾಯಿಂದ ಬಂದದ್ದು ಅದೇ ಮೊದಲಿರಬೇಕು. ಅವಳು ಒಂದು ಕ್ಷಣ ನನ್ನನ್ನೇ ನೋಡಿದಳು. "ಸೀರೆ ಬದಲಾಯಿಸ್ಕೊಂಡು ಬರ್ತೀನಿ, ಗ್ಯಾಸ್ ಆಫ್ ಮಾಡಿ" ಅಂದಳು.

ಓದುವವರಲ್ಲಿ ಯಾರಿಗಾದರೂ ಹೀಗೆ ಹೇಳಿಕೊಳ್ಳಲು ಮನೆಯಲ್ಲಿ ಯಾರೂ ಇಲ್ಲದಿದ್ದರೆ, ಟೆಲಿ ಮಾನಸ್ ಅಂತ ಸರ್ಕಾರದ ಉಚಿತ ದೂರವಾಣಿ ಇದೆ. 2022ರ ಅಕ್ಟೋಬರ್ 10ರಂದು ಶುರುವಾಯಿತು, ನಮ್ಮ ನಿಮ್ಹಾನ್ಸ್ ಅದರ ಬೆನ್ನಿಗಿದೆ. ಸಂಖ್ಯೆ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಸೊಸೈಟಿಯ ಕಡೆಯ ಕಂತು 2015ರ ಮಾರ್ಚ್‌ನಲ್ಲಿ ಮುಗಿಯಿತು. ನಲವತ್ತೆಂಟು ಕಂತು, ಒಟ್ಟು 3,60,000 ರೂಪಾಯಿ. ಷಡ್ಡಕ ಈವರೆಗೆ 40,000 ವಾಪಸ್ ಕೊಟ್ಟಿದ್ದಾನೆ. ಉಳಿದದ್ದನ್ನು ಬಾಯಿಬಿಟ್ಟು ಕೇಳಿದ್ದೇನೆ, ಎರಡು ಸಲ.